ಸಣ್ಣ ಕಾಯಿಯೇ ಬಿಡದ ತೋಟ

“ನೀನು ತೂಗಿಲ್ಲ ಕಣಮ್ಮ, ಮನೇಲಿ ಕೂತು ಬರ್ದಿದೀಯ,” ಎನ್ನುತ್ತ ತಿಪಟೂರಿನ ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರದ ಮೇಷ್ಟ್ರು ನನ್ನ ತಂಗಿ ಜಯಾ ನಮ್ಮ ತೋಟದ ನೂರು ತೆಂಗಿನಕಾಯಿ ತೂಗಿ ಬರೆದಿದ್ದ ಹಾಳೆಯನ್ನು ಪಕ್ಕಕ್ಕೆ ತಳ್ಳಿದರು. ಅವಳನ್ನು ಕರೆದೊಯ್ಯಲು ಬಂದಿದ್ದ ನಾನು ಬಾಗಿಲಲ್ಲಿ ನಿಂತಿದ್ದೆ.

ರಾಶಿಯಿಂದ ಕೈಗೆ ಸಿಕ್ಕಂತೆ ನೂರು ತೆಂಗಿನಕಾಯಿ ತೂಗಿದರೆ ಹೆಚ್ಚಿನವು ಸರಾಸರಿಯ ಹತ್ತಿರವೇ ಇರುತ್ತವಂತೆ. ಒಂದೊಂದು ಕಾಯಿ ಈ ಸೀಮೆಯ ಸರಾಸರಿಯಿಂದ ಎಷ್ಟು ದೂರ ಎಂದು ಹೇಳುವುದಕ್ಕೆ ಝಡ್ ಅಂಕ ಎನ್ನುತ್ತಾರಂತೆ. ಅದು ಮೈನಸ್ ಒಂದಕ್ಕಿಂತ ಕೆಳಗಿರುವ, ಅಂದರೆ ಸಣ್ಣ ಕಾಯಿಗಳು ನೂರಕ್ಕೆ ಸುಮಾರು ಹದಿನಾರು ಸಿಗಬೇಕು. ಜಯಾಳ ಹಾಳೆಯಲ್ಲಿ ಒಂದೂ ಇರಲಿಲ್ಲ.

ಇರುವುದಾದರೂ ಹೇಗೆ? ಕಾಲೇಜಿನವರು ನಮ್ಮ ತೋಟದ ಬಗ್ಗೆ ಏನೆಂದುಕೊಂಡಾರೋ ಎಂದು, ಅವಳು ತಕ್ಕಡಿ ತರಲು ಹೋದಾಗ ಸಣ್ಣ ಕಾಯಿಗಳನ್ನೆಲ್ಲ ಆರಿಸಿ ಹುಲ್ಲಿನ ಬಣವೆಯ ಹಿಂದೆ ಬಚ್ಚಿಟ್ಟಿದ್ದವನು ನಾನೇ. ನಾಲ್ಕನೇ ಕ್ಲಾಸು ಓದಿದ ನನ್ನ ಬುದ್ಧಿವಂತಿಕೆ ಅಷ್ಟು. ನಮ್ಮ ತೋಟಕ್ಕೆ ಕಾಲೇ ಇಡದ ಮೇಷ್ಟ್ರಿಗೆ ಬಣವೆಯ ಹಿಂದಿನ ಕಾಯಿಗಳು ಲೆಕ್ಕದಲ್ಲಿ ಇಲ್ಲದ್ದು ಕಂಡುಬಿಟ್ಟಿತ್ತು.

“ಅಣ್ಣಾ, ನೀನೂ ಅಲ್ಲೇ ಇದ್ಯಲ್ಲ, ನಾನು ತೂಗಿದ್ದು ಹೇಳು,” ಎಂದಳು ಜಯಾ.

“ನಮ್ ತೋಟದಾಗೆ ಸಣ್ಣ ಕಾಯಿ ಬಿಡೋದೇ ಇಲ್ಲ ಸಾ,” ಎಂದೆ.

ಮೇಷ್ಟ್ರು ನಕ್ಕು ಸೊನ್ನೆ ಹಾಕಿದರು.

ಆಮೇಲೆ ಅವಳು ಪಕ್ಕದವರ ತೋಟದ ಕಾಯಿ ತೂಗಿ ಬರೆದು ಪಾಸಾದಳು. ನಮ್ಮ ಕಾಯಿಯ ಹೆಸರು ಉಳಿಯಿತು, ಮೇಷ್ಟ್ರ ಕಣ್ಣಿನಲ್ಲಿ ನನ್ನ ತಂಗಿ ಮಾತ್ರ ಸುಳ್ಳುಗಾರ್ತಿಯಾದಳು. ತಿಪಟೂರಿಗೆ ಬೇಕಾದಷ್ಟು ಬಸ್ಸುಗಳಿದ್ದವು. ನಿಜ ಹೇಳಿ ಬರಲು ನಾನು ಒಂದನ್ನೂ ಹತ್ತಲಿಲ್ಲ.