ಗೋಡೆಯಾಚೆ ಸುರಿದ ನೀರು

2022ರಲ್ಲಿ ನಾನು ಚಾಂಪಿಯನ್ ರೀಫ್ಸಿನಲ್ಲಿ ನಮ್ಮ ಚರ್ಚಿನ ಸಿಮೆಟ್ರಿಯ ಕಾವಲುಗಾರನಾಗಿದ್ದೆ. ಗೇಟಿನ ಬೀಗದ ಕೈ, ಎರಡು ಹಾರೆ, ಒಂದು ಗುದ್ದಲಿ, ಒಂದು ಅಳತೆ ಕೋಲು ನನ್ನ ವಶದಲ್ಲಿದ್ದವು. ನಾನು ಓದಿದ್ದು ಏಳನೇ ಕ್ಲಾಸು. ಸಮಾಧಿಗೆ ಆರಡಿ ಗುಂಡಿ ಎಂದು ಜನ ಹೇಳುತ್ತಾರೆ. ನಮ್ಮ ನೆಲದಲ್ಲಿ ನಾಲ್ಕೂವರೆ ಅಡಿಗೇ ಬಂಡೆ ಸಿಗುತ್ತದೆ, ಅಲ್ಲಿಗೆ ನಿಲ್ಲಿಸುತ್ತೇವೆ. ಇಪ್ಪತ್ನಾಲ್ಕು ವರ್ಷ ಈ ಕೆಲಸ ಮಾಡಿದ್ದೆ. ತೋಡಿದ ಯಾವ ಗುಂಡಿಯೂ ನನ್ನ ನಿದ್ದೆ ಕೆಡಿಸಿರಲಿಲ್ಲ. ಇನ್ನೂ ತೋಡದ ಒಂದು ಗುಂಡಿ ಕೆಡಿಸಿತು.

ನಮ್ಮ ಚರ್ಚಿನ ಸಭೆಯಲ್ಲಿ ಒಂದು ಪದ್ಧತಿಯಿತ್ತು. ಸಭೆಯ ಪಟ್ಟಿಯಲ್ಲಿ ಹೆಸರಿದ್ದವರು ತೀರಿಕೊಂಡರೆ ನಡುದಾರಿಯ ಪಕ್ಕ ಜಾಗ, ಗಂಟೆ, ಅಯ್ಯನವರ ಪ್ರಾರ್ಥನೆ. ಅಯ್ಯನವರು ಎಂದರೆ ನಮ್ಮಲ್ಲಿ ಪಾಸ್ಟರು. ಹೆಸರು ಹೊಡೆದುಹಾಕಿದವರಿಗೆ ಹಿಂದಿನ ಗೋಡೆಯ ಬುಡದಲ್ಲಿ ಜಾಗ, ಗಂಟೆಯಿಲ್ಲ. ಗೋಡೆಯ ಆಚೆಗೆ ಹಿಂದೂಗಳ ಸ್ಮಶಾನ.

ಆ ಪಟ್ಟಿಯಿಂದ ನನ್ನ ಒಡಹುಟ್ಟಿದ ಅಣ್ಣ ಪ್ರಭುದಾಸನ ಹೆಸರನ್ನು ತೆಗೆಸಿದವನು ನಾನು.

ಅಣ್ಣ ನಮ್ಮೂರಿನ ಚಿನ್ನದ ಗಣಿಯಲ್ಲಿ ಕೆಲಸಕ್ಕಿದ್ದ. ಅವನ ಜೊತೆ ಅದೇ ಶಿಫ್ಟಿನಲ್ಲಿ ಇಳಿಯುತ್ತಿದ್ದವನು ಬೂದಿಕೋಟೆ ಕಡೆಯ ಮುನೆಪ್ಪ. ಗಣಿ ಮುಚ್ಚುವುದಕ್ಕೆ ಕೆಲವು ವರ್ಷ ಮೊದಲು ಒಂದು ದಿನ ಕೆಳಗೆ ಏರ್‌ಬ್ಲಾಸ್ಟ್ ಆಯಿತು. ಮೇಲಿನ ಭಾರ ತಾಳಲಾರದೆ ಬಂಡೆ ಒಳಗಿನಿಂದಲೇ ಸಿಡಿಯುವುದಕ್ಕೆ ಗಣಿಯವರು ಹಾಗೆನ್ನುತ್ತಾರೆ. ಮುನೆಪ್ಪ ಅಣ್ಣನನ್ನು ಪಕ್ಕಕ್ಕೆ ತಳ್ಳಿದ. ಅಣ್ಣ ಉಳಿದ, ಅವನು ಉಳಿಯಲಿಲ್ಲ. ಅವನನ್ನು ನಮ್ಮ ಗೋಡೆಯಾಚೆ ಮಣ್ಣು ಮಾಡಿದರು.

ಮುಂದಿನ ಭಾನುವಾರ ಆರಾಧನೆ ಮುಗಿದ ಮೇಲೆ ಅಣ್ಣ ಎದ್ದು ನಿಂತು ಆಗಿನ ಅಯ್ಯನವರನ್ನು ಕೇಳಿದ, “ಮುನೆಪ್ಪ ಈಗ ಎಲ್ಲವ್ನೆ ಅಯ್ಯನೋರೇ?”

“ದೀಕ್ಷಾಸ್ನಾನ ಆಗಿತ್ತೇನು? ಕರ್ತನನ್ನು ಒಪ್ಪಿಕೊಂಡಿದ್ದನೇನು?”

“ಇಲ್ಲ.”

“ಹಾಗಾದರೆ ಆರದ ಬೆಂಕಿಯಲ್ಲಿದ್ದಾನೆ. ನಾನೇನು ಮಾಡಲಿ, ಬೈಬಲಿನ ವಾಕ್ಯ ಹಾಗಿದೆ.”

ಎಲ್ಲರೂ ಆಮೆನ್ ಅಂದರು. ನನ್ನ ದನಿ ಸ್ವಲ್ಪ ಜೋರಾಗಿಯೇ ಇತ್ತು. ಮನೆಗೆ ಹೋಗಿ ಊಟ ಮಾಡಿದೆ. ಅಣ್ಣ ಮಾಡಲಿಲ್ಲ.

ಆದರೂ ಅವನು ಚರ್ಚು ಬಿಡಲಿಲ್ಲ. 2011ರಲ್ಲಿ ಒಂದು ಬೆಳಿಗ್ಗೆ, ಗೋಡೆಯ ಬದಿಯ ಮುಳ್ಳುಗಿಡ ಸವರುತ್ತಿದ್ದಾಗ ಅಣ್ಣ ಆಚೆ ನಿಂತಿರುವುದು ಕಂಡಿತು. ಗಣಿಗೆ ಒಯ್ಯುತ್ತಿದ್ದ ಹಳೆಯ ನೀರಿನ ಕ್ಯಾನು ಕೈಯಲ್ಲಿತ್ತು. ಮುನೆಪ್ಪನ ಸಮಾಧಿಯ ತಲೆಯಿಂದ ಕಾಲಿನವರೆಗೆ ನಿಧಾನವಾಗಿ ನೀರು ಸುರಿಯುತ್ತಿದ್ದ. ತುಟಿ ಅಲ್ಲಾಡುತ್ತಿತ್ತು. ಅಂದು ಮುನೆಪ್ಪ ಸತ್ತ ತಾರೀಕು.

ನಾನು ಅವನನ್ನು ಕರೆದು ಏನು ಎಂದು ಕೇಳಬಹುದಿತ್ತು. ಹತ್ತು ಹೆಜ್ಜೆ ದೂರ. ಕೇಳದೆ ನೇರವಾಗಿ ಚರ್ಚಿನ ಕಮಿಟಿಗೆ ಹೋಗಿ, ಅಣ್ಣ ಸಮಾಧಿ ಪೂಜೆ ಮಾಡುತ್ತಾನೆ, ಮಂತ್ರ ಹೇಳುತ್ತಾನೆ ಎಂದೆ. ಮಂತ್ರ ನನ್ನ ಕಿವಿಗೆ ಬಿದ್ದಿರಲಿಲ್ಲ. ಅವನು ನರಕಕ್ಕೆ ಹೋಗಬಾರದು ಎಂಬ ಹೆದರಿಕೆಯಿಂದ ಹಾಗೆ ಮಾಡಿದೆ ಎಂದು ಬಹಳ ಕಾಲ ಹೇಳಿಕೊಂಡೆ. ಹೆದರಿಕೆ ಇದ್ದದ್ದು ನಿಜ. ಆದರೆ ಕಮಿಟಿಯ ದೊಡ್ಡವರು ಕುರ್ಚಿ ಎಳೆದು, ‘ಕೂತ್ಕೊ ಚಿನ್ನಪ್ಪ’ ಅಂದಾಗ ಆದ ಖುಷಿ ಅದಕ್ಕಿಂತ ಹೆಚ್ಚಿನದು. ಅಣ್ಣನ ಹೆಸರು ಹೋಯಿತು. ಕರ್ತನ ಭೋಜನದ ರೊಟ್ಟಿ ದ್ರಾಕ್ಷಾರಸ ಅವನಿಗೆ ನಿಂತಿತು. ಹನ್ನೊಂದು ವರ್ಷ ನಾವಿಬ್ಬರೂ ಮಾತಾಡಲಿಲ್ಲ.

2022ರ ಬೇಸಿಗೆಯಲ್ಲಿ ಅವನೇ ಸಿಮೆಟ್ರಿಗೆ ಬಂದ. ಕಲ್ಲಿನ ಧೂಳು ಕುಡಿದ ಎದೆ, ಗೇಟಿನಿಂದ ಬೇವಿನ ಮರಕ್ಕೆ ಬರುವಷ್ಟರಲ್ಲಿ ಮೂರು ಸಲ ನಿಂತ.

“ಲೇ ಚಿನ್ನಪ್ಪ, ಗೋಡೆ ಪಕ್ಕ ನನ್ ಜಾಗ ತೋರ್ಸ್ಲಾ. ಬಂಗಾರಪೇಟೆ ಡಾಕ್ಟ್ರು ಎದೆ ಪೋಟೋ ನೋಡಿ ನನ್ ಮಕಾನೇ ನೋಡ್ಲಿಲ್ಲ.”

ಅಳು ಬರುವಂತಾಗಿತ್ತು. ಬಾಯಿಗೆ ಬಂದದ್ದು ಹಳೆಯ ಕಹಿ. “ಯಾಕೆ, ಪೂಜೆಗೆ ಅತ್ರ ಆಯ್ತದೆ ಅಂತಲಾ?”

ಅವನು ನಗಲು ಹೋಗಿ ಕೆಮ್ಮಿದ. “ಪೂಜೆ ಅಂದ್ಕೊಂಡ್ಯೇನ್ಲಾ? ಅವತ್ತು ಅಯ್ಯನೋರು ಬೆಂಕಿನಾಗವ್ನೆ ಅಂದ್ರು, ನೀನು ಆಮೆನ್ ಅಂದೆ. ನಾನು ನಂಬಿದೆ ಕಣ್ಲಾ. ನಂಬಿದ್ ಮ್ಯಾಕೆ ಸುಮ್ನೆ ಇರಕ್ಕಾಯ್ತದಾ? ಎಂಟ್ ಸಾವ್ರ ಅಡಿ ಕೆಳಗೆ ಬಂಡೆ ಮುಟ್ಟುದ್ರೆ ಕೈ ಸುಡ್ತಿತ್ತು. ಅಲ್ಲಿ ತನ್ ಕ್ಯಾನಿನ ನೀರು ನಂಗ್ ಕೊಟ್ಟೋನು ಅವ್ನು. ಅದ್ಕೇ ವರ್ಷಕ್ಕೊಂದ್ ಸಲ ಓಗಿ ಸುರೀತಿದ್ದೆ.”

ನಾನು ಕೈಯಲ್ಲಿದ್ದ ಹಾರೆಯನ್ನು ಮರಕ್ಕೆ ಒರಗಿಸಿದೆ. ನರಕ ಉಂಟು ಎಂದು ನಮ್ಮ ಸಭೆಯಲ್ಲಿ ಎಲ್ಲರೂ ಒಪ್ಪಿದ್ದೆವು. ಅದನ್ನು ನಿಜವೆಂದು ತಿಳಿದು ನೀರು ಹೊತ್ತುಕೊಂಡು ಹೋದವನು ಇವನೊಬ್ಬನೇ. ಅವನನ್ನು ನಾನು ಹೊರಗೆ ಹಾಕಿಸಿದ್ದೆ.

“ಮಣಮಣ ಅಂತಿದ್ದೆಲ್ಲ, ಅದೇನಣ್ಣಾ?”

“ಸ್ವಾಮಿ, ನಂಗೇ ಇಷ್ಟು ಕನಿಕರ ಬತ್ತದೆ, ನಿಂಗೆ ಬರಲ್ವಾ ಅಂತಿದ್ದೆ.”

“ಏನಾದ್ರೂ ಜವಾಬು ಬಂತಾ?”

“ಇಲ್ಲ. ಎದ್ ಓಗು ಅಂತಾನೂ ಅನ್ಲಿಲ್ಲ.”

ಆಗ ನಮಗೆ ಹೊಸ ಅಯ್ಯನವರು ಬಂದಿದ್ದರು, ಬಂಗಾರಪೇಟೆಯಿಂದ ಬೈಕಿನಲ್ಲಿ ಬರುತ್ತಿದ್ದ ಚಿಕ್ಕ ವಯಸ್ಸಿನವರು. ಅವರಿಗೆ ಎಲ್ಲವನ್ನೂ ಹೇಳಿ, ಅಣ್ಣನ ಪ್ರಶ್ನೆಯನ್ನೇ ಕೇಳಿದೆ. ಮುನೆಪ್ಪ ಎಲ್ಲಿದ್ದಾನೆ? ಅವರು ಹೆಲ್ಮೆಟ್ಟನ್ನು ತೊಡೆಯ ಮೇಲಿಟ್ಟುಕೊಂಡರು.

“ನನಗೆ ಗೊತ್ತಿಲ್ಲ ಚಿನ್ನಪ್ಪನವರೇ. ನಮ್ಮ ತಾತ ದೀಕ್ಷಾಸ್ನಾನ ಆಗದೇನೇ ಹೋದ್ರು. ನರಕ ಇಲ್ಲ ಅನ್ನೋ ಧೈರ್ಯ ನನಗಿಲ್ಲ. ಅಲ್ಲಿ ಯಾರಿದಾರೆ ಅಂತ ಹೇಳೋ ಅಧಿಕಾರಾನೂ ಇಲ್ಲ. ಆದ್ರೆ ಅವತ್ತು ಕಮಿಟಿ ಮುಂದೆ ನೀವು ಹೇಳಿದ್ದು ಸುಳ್ಳು ಅಂತ ನಿಮಗೆ ಗೊತ್ತಲ್ಲ. ಗೊತ್ತಿರೋದನ್ನ ಹೇಳಿ.”

ಮುಂದಿನ ಭಾನುವಾರ ಆರಾಧನೆಯ ನಂತರ ಎದ್ದು ಹೇಳಿದೆ. ಮಂತ್ರ ನಾನು ಕೇಳಿಯೇ ಇರಲಿಲ್ಲ ಎಂದೆ. ಕಮಿಟಿಯ ಹಿರಿಯರು, ಅಂದು ಕುರ್ಚಿ ಎಳೆದುಕೊಟ್ಟವರೇ, “ಹನ್ನೊಂದು ವರ್ಷ ಆದ್ಮೇಲೆ ನಿದ್ದೆಯಿಂದ ಎದ್ದೆಯೇನಯ್ಯಾ? ಸುಳ್ಳು ಹೇಳೋನ ಕೈಲಿ ಸಿಮೆಟ್ರಿ ಬೀಗ ಇರಬಾರದು” ಅಂದರು. ಸರಿಯಾದ ಮಾತು. ಬೀಗದ ಕೈಯನ್ನು ಮೇಜಿನ ಮೇಲಿಟ್ಟು ಬಂದೆ.

ಅದಾಗಿ ಮೂರನೇ ಭಾನುವಾರ ಅಣ್ಣನ ಹೆಸರನ್ನು ಮತ್ತೆ ಪಟ್ಟಿಗೆ ಸೇರಿಸಿದರು. ಕರ್ತನ ಭೋಜನದ ರೊಟ್ಟಿ ಬಾಯಿಗಿಟ್ಟುಕೊಂಡಾಗ ಅವನಿಗೆ ಕೆಮ್ಮು ಬಂದು, ಅಯ್ಯನವರು ಅವನ ಬೆನ್ನು ಸವರುತ್ತಾ ನಿಂತರು. ಬೀಗದ ಕೈ ಮಾತ್ರ ಮೇಜಿನ ಮೇಲೆಯೇ ಇತ್ತು. ಆ ಬಂಡೆ ನೆಲ ತೋಡುವುದಕ್ಕೆ ಬೇರೆ ಯಾರೂ ಮುಂದೆ ಬಂದಿರಲಿಲ್ಲ. ಹಿರಿಯರೇ ಅದನ್ನು ನನ್ನ ಕಡೆಗೆ ತಳ್ಳಿದರು.

ಸಂತೋಷದಿಂದ ಅಣ್ಣನಿಗೆ ನಡುದಾರಿಯ ಪಕ್ಕ ಒಳ್ಳೆಯ ಜಾಗ ತೋರಿಸಿದೆ, ಬೇವಿನ ನೆರಳಿದ್ದದ್ದು.

“ಬ್ಯಾಡ. ಗೋಡೆ ಪಕ್ಕಾನೇ ಇರ್ಲಿ.”

“ಈಗ ಗಂಟೆ ಒಡೀತಾರಣ್ಣಾ, ಪಟ್ಟೀಲಿ ಎಸ್ರದೆ.”

“ಒಡೀಲಿ. ಜೋರಾಗೇ ಒಡೀಲಿ. ಆಚೆ ಅವ್ನಿಗೂ ಕೇಳ್ಸ್ತದೆ.”

ಆ ಡಾಕ್ಟರ ಲೆಕ್ಕ ತಪ್ಪಿತು. ಅಣ್ಣ ಇನ್ನೂ ಇದ್ದಾನೆ, ಉಸಿರಿಗೆ ಎಳೆದುಕೊಳ್ಳುವ ಔಷಧಿಯ ಪಂಪು ಜೇಬಿನಲ್ಲಿಟ್ಟುಕೊಂಡು ಓಡಾಡುತ್ತಾನೆ. ನಾನು ಅಳತೆ ಕೋಲು ಹಿಡಿದು ಕಂಡರೆ, “ನನ್ ಕಡೆ ನೋಡ್ಬ್ಯಾಡ್ಲಾ” ಎಂದು ಬೈಯುತ್ತಿದ್ದ. ಹೋದ ವರ್ಷ ನಾನು ಕೆಲಸ ಬಿಟ್ಟೆ.

ನಾಲ್ಕೂವರೆ ಅಡಿಯಿಂದ ಕೆಳಗೆ ಏನಿದೆ ಎಂದು ಹೇಳುವುದು ನನ್ನ ಕೆಲಸವಾಗಿರಲಿಲ್ಲ. ಇಷ್ಟು ತಿಳಿಯುವುದಕ್ಕೆ ನನ್ನ ನೌಕರಿಯಷ್ಟೂ ವರ್ಷ ಬೇಕಾಯಿತು. ದೇವರು ಒಳ್ಳೆಯವನೇ ಎಂದು ಯಾರಾದರೂ ಕೇಳಿದರೆ ನನಗೆ ವಾಕ್ಯ ತೆಗೆದು ತೋರಿಸಲು ಬರುವುದಿಲ್ಲ. ನನ್ನ ಅಣ್ಣನನ್ನು ಅವನು ಹುಟ್ಟಿಸಿದ್ದಾನೆ, ನೋಡಿ ಎನ್ನುತ್ತೇನೆ. ಮುನೆಪ್ಪನ ದಿನ ಈಗಲೂ ಇಬ್ಬರೂ ಗೋಡೆಯಾಚೆ ಹೋಗುತ್ತೇವೆ. ಕ್ಯಾನು ನಾನು ಹೊರುತ್ತೇನೆ. ಅಣ್ಣ ಮೊದಲು ಒಂದು ಗುಟುಕು ಕುಡಿದು ನನಗೆ ಕೊಡುತ್ತಾನೆ, ಉಳಿದದ್ದೆಲ್ಲ ಮುನೆಪ್ಪನಿಗೆ.