ಕಡ್ಡಿಪೆಟ್ಟಿಗೆಯ ಹುಡುಗಿಯನ್ನು ಬದುಕಿಸಿದ ಸಂಘ

ಕಳೆದ ಭಾನುವಾರ ಸಂಜೆ ಹೈದರಾಬಾದಿನ ತಾರ್ನಾಕದ ನಮ್ಮ ಕನ್ನಡ ಸಂಘದಲ್ಲಿ ಮಕ್ಕಳ ಕಥೆ ಹೇಳುವ ಸ್ಪರ್ಧೆ ನಡೆಯಿತು. ಡೆನ್ಮಾರ್ಕಿನ ಹಳೆಯ ಕಥೆಯೊಂದರಲ್ಲಿ ಅಲ್ಲಿಯವರೆಗೆ ಸಾಯುತ್ತಲೇ ಬಂದಿದ್ದ ಹುಡುಗಿ ಅಂದು ಬದುಕಿ ಉಳಿದಳು.

ನಿಮಗೂ ಗೊತ್ತಿರುವ ಕಥೆಯೇ. ಚಳಿಯಲ್ಲಿ ಕಡ್ಡಿಪೆಟ್ಟಿಗೆ ಮಾರುವ ಬಡ ಹುಡುಗಿ, ಕೊಳ್ಳುವವರಿಲ್ಲ, ಒಂದೊಂದೇ ಕಡ್ಡಿ ಗೀರಿ ಬೆಚ್ಚಗಾಗಲು ನೋಡಿ, ಬೆಳಗಾಗುವುದರೊಳಗೆ ಸಾಯುತ್ತಾಳೆ. ಹಿಮವನ್ನು ಫ್ರಿಜ್ಜಿನ ಮೇಲಿನ ಖಾನೆಯಲ್ಲಷ್ಟೇ ಕಂಡ ಹೈದರಾಬಾದಿನ ಮಕ್ಕಳು ಇದಕ್ಕೇಕೆ ಅಳಬೇಕೋ ತಿಳಿಯದು. ಚಿಕ್ಕಂದಿನಲ್ಲಿ ನಾನೂ ಅತ್ತಿದ್ದೆ, ಮೇ ತಿಂಗಳ ಸೆಖೆಯಲ್ಲಿ, ಕೂಲರಿನ ಮುಂದೆ ಕೂತು. ಮುಂದೆ ಪತ್ರಿಕೆ ಸೇರಿ ಅಂಥದ್ದೇ ಸುದ್ದಿಗಳನ್ನು ನಾಲ್ಕು ಸಾಲಿಗೆ ಇಳಿಸುವಾಗ ಕಣ್ಣು ಒಮ್ಮೆಯೂ ಒದ್ದೆಯಾಗಲಿಲ್ಲ. ವೃತ್ತಿಶಿಸ್ತು ಅಂದರೆ ಸುಮ್ಮನೆಯೇ?

ಕಥೆ ಹೇಳಲು ಹೊರಟವಳು ನನ್ನ ತಂಗಿಯ ಮಗಳು ಮೇಧಾ. ತಾಲೀಮಿನಲ್ಲೇ ಸಂಘದ ಕಾರ್ಯದರ್ಶಿ ಗುರುರಾಯರು ಕೈ ಎತ್ತಿ ತಡೆದರು. ಸರ್ಕಾರಿ ನೌಕರಿಯಿಂದ ನಿವೃತ್ತರು, ತಿದ್ದುವುದರಿಂದ ಅಲ್ಲ.

“ದೀಪಾ ಹಚ್ಚಿದ ಕಾರ್ಯಕ್ರಮದಾಗ ಸಾವಿನ ಮಾತು ಬ್ಯಾಡವ್ವ. ಆಕೀನ್ನ ಯಾರರೆ ಪುಣ್ಯಾತ್ಮರು ಮನಿಗೆ ಕರ್ಕೊಂಡು ಹೋಗ್ಲಿ.”

“ಯಾರೂ ಕರ್ಕೊಂಡು ಹೋಗಂಗಿಲ್ಲಲ್ರೀ ಅಜ್ಜಾರ, ಅದಕ್ಕ ಅದು ಕಥಿ.”

“ಭಾಳ ಶಾಣ್ಯಾಕಿ ಇದ್ದಿ. ಹಂಗ ಹೇಳೂದಿದ್ರ ಸ್ಟೇಜ್ ಹತ್ತಬ್ಯಾಡ.”

ಮೇಧಾ ಮುಖ ಊದಿಸಿಕೊಂಡೇ ಸ್ಟೇಜು ಹತ್ತಿದಳು. ಕಥೆಯ ಕೊನೆಯಲ್ಲಿ ಕುದುರೆಗಾಡಿಯೊಂದು ಬಂದು ನಿಂತಿತು. ಸಾಹುಕಾರನೊಬ್ಬ ಇಳಿದು ಹುಡುಗಿಗೆ ಶಾಲು ಹೊದಿಸಿದ (ನಮ್ಮ ಸಂಘ ಅತಿಥಿಗಳಿಗೆ ಹೊದಿಸುವಂಥದ್ದೇ ಇರಬೇಕು), ಬಿಸಿ ಊಟ ಹಾಕಿಸಿ ಶಾಲೆಗೂ ಸೇರಿಸಿದ. ದೊಡ್ಡವರು ಚಪ್ಪಾಳೆ ತಟ್ಟಿದರು. ತಪ್ಪು ಯಾರ ಮೇಲೂ ಉಳಿಯಲಿಲ್ಲವಲ್ಲ! ಮಕ್ಕಳು ಆಕಳಿಸಿದರು. ಡೆನ್ಮಾರ್ಕಿನ ಕಥೆಗಳು ಇಷ್ಟು ಕಾಲ, ಇಷ್ಟು ಭಾಷೆಗಳಲ್ಲಿ ಬಾಳಿದ್ದಕ್ಕೆ ನನಗೆ ಹೊಳೆಯುವ ಕಾರಣ ಒಂದೇ: ಅವುಗಳನ್ನು ಸುಧಾರಿಸಬಲ್ಲ ಕಾರ್ಯಕಾರಿ ಸಮಿತಿ ಅಲ್ಲಿ ಇರಲಿಲ್ಲ.

ಮೇಧಾಳಿಗೆ ಸಮಾಧಾನಕರ ಬಹುಮಾನ ಬಂತು. ಸಮಾಧಾನವಾಗಲಿಲ್ಲ. ಅದನ್ನು ಕುರ್ಚಿಯ ಮೇಲೆ ಬಿಟ್ಟು, ಹೊರಗೆ ಚಪ್ಪಲಿ ಬಿಡುವ ಜಾಗದಲ್ಲಿ ಕೂತು, ಸುತ್ತ ಸೇರಿದ ಮಕ್ಕಳಿಗೆ ಕಥೆಯನ್ನು ಮತ್ತೆ ಮೊದಲಿನಿಂದ ಶುರು ಮಾಡಿದಳು. ಈ ಸಲ ಗಾಡಿ ನಿಲ್ಲದೆ ಹೋಯಿತು.

ಹಿಂದೆ ಉಪ್ಪಿಟ್ಟಿನ ತಟ್ಟೆ ಹಿಡಿದು ನಿಂತಿದ್ದ ಗುರುರಾಯರು ತಿನ್ನುವುದನ್ನು ಮರೆತಿದ್ದರು.

“ಕಡೀ ಕಡ್ಡೀನೂ ಆರಿತೇನವ್ವ?”

“ಆರಿತ್ರಿ ಅಜ್ಜಾರ.”

ರಾಯರು ಚಪ್ಪಲಿಗಳನ್ನು ಸರಿಸಿ ಮಕ್ಕಳ ನಡುವೆ ಕೂತರು.