ಹೆರ್ ಲೆಹ್ನರ್ ಅವರ ಸಣ್ಣ ಗುಂಡು

ಜರ್ಮನಿಯ ರೇಗನ್ಸ್‌ಬರ್ಗ್ ಹೊರವಲಯದ ಬಾಡಿಗೆ ಮನೆಗೆ ಬಂದ ಮರುದಿನ, ಸೈಕಲ್ ತೆಗೆಯಲು ಗ್ಯಾರೇಜಿನ ಬಾಗಿಲು ಎತ್ತಿದೆ. ತೊಲೆಯಿಂದ ಜಿಂಕೆಯೊಂದು ತಲೆಕೆಳಗಾಗಿ ತೂಗುತ್ತಿತ್ತು. ನನ್ನ ಹೆಂಡತಿ ಸವಿತಾ ಮೆಟ್ಟಿಲ ಮೇಲೆಯೇ ನಿಂತು, “ಇಂಥಾ ಮನ್ಯಾಗ ಹೆಂಗ ಇರೂದ್ರೀ?” ಎಂದಳು. ನಾವು ಮೊಟ್ಟೆಯನ್ನೂ ಮುಟ್ಟದವರು. ಆದರೆ ಕಂಪ್ಯೂಟರ್ ಕೆಲಸದವರಿಗೆ ಜರ್ಮನಿ ಕೊಡುತ್ತಿದ್ದ ಗ್ರೀನ್ ಕಾರ್ಡ್ ಮೇಲೆ ಬಂದಿದ್ದ ನಮಗೆ, ಪರದೇಶಿ ಹೆಸರು ಕೇಳಿದ ಕೂಡಲೇ ಫೋನ್ ಇಡದೆ ಕೀಲಿ ಕೊಟ್ಟ ಮಾಲೀಕರು ಹೆರ್, ಅಂದರೆ ಶ್ರೀಯುತ, ಲೆಹ್ನರ್ ಒಬ್ಬರೇ.

ಹೆರ್ ಲೆಹ್ನರ್ ‘ಯೇಗರ್’, ಅಂದರೆ ಪರವಾನಗಿ ಪಡೆದ ಬೇಟೆಗಾರ. ಬೇಟೆಯಾಡಿದರೆ ನಮ್ಮಲ್ಲಿ ಜೈಲು. ಇಲ್ಲಿ ಅದಕ್ಕೊಂದು ಕಠಿಣ ಪರೀಕ್ಷೆಯಿದೆ. ಭುಜದ ಆಪರೇಷನ್ ಆದಮೇಲೆ ದೊಡ್ಡ ಬಂದೂಕಿನ ಒದೆತ ತಾಳಲಾರದೆ ಅವರು ಬೇರೆ ರೈಫಲ್ ಹಿಡಿದಿದ್ದರು. ಅದರ ಗುಂಡು ಪೆನ್ಸಿಲಿಗಿಂತ ತೆಳುವು, ವೇಗ ಮಾತ್ರ ಭಯಂಕರ. ‘ರೇ’ ಎಂಬ ಇಲ್ಲಿನ ಸಣ್ಣ ಜಿಂಕೆಗೆ ಕಾನೂನು ಅದನ್ನು ಒಪ್ಪುತ್ತದೆ, ಕಾಡುಹಂದಿಗೆ ಒಪ್ಪುವುದಿಲ್ಲ. ಆದರೂ ಆ ಕಾಡಿನ ಬೇಟೆಯ ಹಕ್ಕನ್ನು ಗುತ್ತಿಗೆ ಹಿಡಿದಿದ್ದ ಅವರ ಗೆಳೆಯನಿಗೆ ಸಮಾಧಾನವಿರಲಿಲ್ಲ. ಗಾಯಗೊಂಡ ಒಂದು ಜಿಂಕೆ ಕೈತಪ್ಪಿದರೂ ನಿನ್ನ ಬೇಟೆ ಮುಗಿಯಿತು ಎಂದು ಹೇಳಿಬಿಟ್ಟಿದ್ದ.

ಮೇ ತಿಂಗಳ ಒಂದು ಸಂಜೆ ಹೆರ್ ಲೆಹ್ನರ್, “ನನ್ನ ಕಣ್ಣು ಮೊದಲಿನಂತಿಲ್ಲ. ಜೊತೆಗೆ ಬರುತ್ತೀಯಾ?” ಎಂದು ಕೇಳಿದರು. ಇಲ್ಲವೆನ್ನಲಾಗಲಿಲ್ಲ.

ಹುಲ್ಲುಗಾವಲಿನ ಅಂಚಿನ ಮರದ ಅಟ್ಟಣಿಗೆಯಲ್ಲಿ ಕುಳಿತೆವು. ಎತ್ತರದ ಹುಲ್ಲಿನ ಹಿಂದೆ ಗಂಡು ಜಿಂಕೆಯೊಂದು ಬಂದು ನಿಂತಿತು. ಅವರು ಹೊಡೆಯಲಿಲ್ಲ. “ಗುಂಡು ಹಗುರ. ಒಂದು ಕಡ್ಡಿ ತಗುಲಿದರೂ ದಾರಿ ತಪ್ಪುತ್ತದೆ,” ಎಂದು ಪಿಸುಗುಟ್ಟಿದರು. ಕೊನೆಗೆ ಅದು ಬಯಲಿಗೆ ಬಂದು ಪಕ್ಕಕ್ಕೆ ತಿರುಗಿತು. ಗುಂಡು ಹಾರಿತು. ಜಿಂಕೆ ನೆಗೆದು ಕಾಡಿನೊಳಗೆ ಓಡಿಹೋಯಿತು.

ಇಳಿದು ನೋಡಿದರೆ ಒಂದು ಹನಿ ರಕ್ತವೂ ಇಲ್ಲ. ಅವರ ಮುಖ ಬಿಳಿಚಿಕೊಂಡಿತು. “ಸಣ್ಣ ಗುಂಡು ಒಳಗೇ ಉಳಿದಿರಬೇಕು, ಅದಕ್ಕೇ ರಕ್ತದ ಜಾಡಿಲ್ಲ. ಈಗ ಎಲ್ಲೆಂದು ಹುಡುಕಲಿ?”

ಅದು ನುಗ್ಗಿದ ಜಾಗವನ್ನು ನಾನು ಮೇಲಿನಿಂದ ನೋಡಿದ್ದೆ, ಎರಡು ಬರ್ಚ್ ಮರಗಳ ನಡುವೆ. ಮುಳ್ಳು ಸರಿಸಿಕೊಂಡು ಒಳಹೊಕ್ಕೆ. ಜರಿಗಿಡಗಳ ಕೆಳಗೆ ಅದು ಸತ್ತು ಬಿದ್ದಿತ್ತು, ಹೆಚ್ಚು ನರಳಿದಂತಿರಲಿಲ್ಲ. ಕರೆಯಲು ಹೋದರೆ ಜರ್ಮನ್ ಮರೆತೇಹೋಗಿ, “ಇಲ್ಲೈತ್ರೀ, ಇಲ್ಲೈತಿ,” ಎಂದು ಕೂಗಿದೆ. ಅವರಿಗೆ ಅರ್ಥವಾಯಿತು.

ಹ್ಯಾಟು ತೆಗೆದು, ಜಿಂಕೆಯ ಬಾಯಿಗೆ ಚಿಗುರು ರೆಂಬೆಯೊಂದನ್ನಿಟ್ಟು ಅವರು ತಲೆಬಾಗಿ ನಿಂತರು. ಅದು ಜಿಂಕೆಯ ಕೊನೆಯ ತುತ್ತಂತೆ, ಇಲ್ಲಿನ ಬೇಟೆಗಾರರ ರೂಢಿ. ನನ್ನ ಕೈಗಳು ತಾವಾಗಿಯೇ ಮುಗಿದುಕೊಂಡವು. ಆಮೇಲೆ ಇನ್ನೊಂದು ರೆಂಬೆಯನ್ನು ಎರಡಾಗಿ ಮುರಿದು ಅರ್ಧ ತಮ್ಮ ಹ್ಯಾಟಿಗೆ ಸಿಕ್ಕಿಸಿಕೊಂಡು, ಅರ್ಧ ನನಗೆ ಕೊಟ್ಟರು. “ಬೇಟೆಯನ್ನು ಹುಡುಕಿಕೊಟ್ಟ ನಾಯಿಗೆ ಸಲ್ಲುವ ಪಾಲು ಇದು. ಬೇಜಾರು ಮಾಡಿಕೊಳ್ಳಬೇಡ.” ಈ ದೇಶಕ್ಕೆ ಬಂದಮೇಲೆ ನಾನು ಜೋರಾಗಿ ನಕ್ಕದ್ದು ಅದೇ ಮೊದಲು.

ನಾನು ಮನೆಗೆ ತಂದ ರೆಂಬೆಯನ್ನು ನೋಡಿ “ದೇವರ ಹತ್ರ ಇಡಬ್ಯಾಡ್ರಿ,” ಎಂದ ಸವಿತಾ, ತಾನೇ ಅದನ್ನು ಲೋಟದ ನೀರಿಗೆ ಹಾಕಿ ಕಿಟಕಿಯಲ್ಲಿಟ್ಟಳು.

ಆ ಚಳಿಗಾಲ ನಮ್ಮೂರು ರಾಣೇಬೆನ್ನೂರಿಗೆ ಹೋದಾಗ ನಮ್ಮ ಕಡಲೆ ಹೊಲದಲ್ಲಿ ಚಿಗರಿ, ಅಂದರೆ ಕೃಷ್ಣಮೃಗಗಳ ಹಿಂಡು ಮೇಯುತ್ತಿತ್ತು. ತಮ್ಮ ಬಸವರಾಜ ಓಡಿಸಲು ಮುಂದಾದ. ನಾನು ಆ ಅಟ್ಟಣಿಗೆಯಲ್ಲಿದ್ದವನಂತೆ ಅಲುಗಾಡದೆ ನೋಡುತ್ತ ನಿಂತುಬಿಟ್ಟೆ.

“ಯಾಕಣ್ಣ, ನಿಮ್ಮೂರಾಗ ಇವು ಬೆಳಿ ತಿನ್ನೂದಿಲ್ಲೇನು?” ಎಂದ.

ಜರ್ಮನಿಯನ್ನು ಅವನು ನಿಮ್ಮೂರು ಎಂದ. ನಾನು ತಿದ್ದಲಿಲ್ಲ. ಚಪ್ಪಾಳೆ ತಟ್ಟುತ್ತ ಅವನ ಹಿಂದೆ ಹೊಲಕ್ಕಿಳಿದೆ.